ಟೀ ಕಾಸಿದ್ದನ್ನೂ ಬರೆದ ವಾಣಿಶ್ರೀ

ಇವತ್ತು ಕೊಟ್ಟೂರಿನಲ್ಲಿ ಸ್ವಂತ ಮೋಟರ್ ರಿಪೇರಿ ಅಂಗಡಿ ಇಟ್ಟಿರುವ ವಾಣಿಶ್ರೀ ಕೋಗಳಿಯವಳು. ಐಟಿಐ ಮುಗಿಸಿ ಹಗರಿಬೊಮ್ಮನಹಳ್ಳಿಯ ಒಂದು ಮೋಟರ್ ರಿಪೇರಿ ವರ್ಕ್‌ಶಾಪಿಗೆ ಅಪ್ರೆಂಟಿಸ್ ಆಗಿ ಸೇರಿದ್ದು ೨೦೦೧ರಲ್ಲಿ. ಅಲ್ಲಿಗೆ ಕಾಲಿಟ್ಟ ಮೊದಲ ಹುಡುಗಿ ಅವಳೇ. ಅಪ್ರೆಂಟಿಸರು ದಿನದ ಕಲಿಕೆಯನ್ನು ಡೈರಿಯಲ್ಲಿ ಬರೆಯಬೇಕು, ಶನಿವಾರ ಮೇಸ್ತ್ರಿ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ವರ್ಷದ ಕೊನೆಗೆ ಪರೀಕ್ಷೆಗೆ ಕೂರಿಸುವುದಿಲ್ಲ.

ಮೊದಲ ಶನಿವಾರ ಮೇಸ್ತ್ರಿ ಹನುಮಣ್ಣ ಅವಳ ಡೈರಿ ಓದಿ ಕನ್ನಡಕ ತೆಗೆದ. ‘ಕಸ ಹೊಡೆದೆ. ಎಲ್ಲರಿಗೂ ಟೀ ಕಾಸಿದೆ. ಲೋಟ ತೊಳೆದೆ. ಮಧ್ಯಾಹ್ನ ಮತ್ತೆ ಟೀ.’ ವಾರವಿಡೀ ಅದೇ.

“ಏನವ್ವಾ ಇದು, ಅಡಗಿಮನಿ ಪುಸ್ತಕ?”

“ಮಾಡಿದ್ದು ಬರದೀನ್ರಿ.”

“ಪ್ರವೀಣ ಹೆಂಗ ಬರದಾನ ನೋಡು.”

ಜೊತೆಗೆ ಸೇರಿದ್ದ ಪ್ರವೀಣಕುಮಾರನ ಡೈರಿಯಲ್ಲಿ ‘ಮೋಟರಿಗೆ ತಂತಿ ಸುತ್ತಿದೆ’ ಎಂದಿತ್ತು. ಅವನು ಸುತ್ತಿರಲಿಲ್ಲ, ಮೇಸ್ತ್ರಿ ಸುತ್ತುವಾಗ ಟಾರ್ಚ್ ಹಿಡಿದಿದ್ದ. ಆದರೂ ಸುತ್ತುವುದನ್ನು ಕಣ್ಣಾರೆ ನೋಡಿದ್ದ. ಆ ಹೊತ್ತಿಗೆ ವಾಣಿಶ್ರೀ ಸ್ಟೋವಿನ ಮುಂದಿದ್ದಳು.

“ಹಂಗ ಬರಿ, ಸಹಿ ಹಾಕ್ತೀನಿ.”

“ಆ ಕೆಲಸ ಕೊಡ್ರಿ, ಬರೀತೀನಿ.”

ಹನುಮಣ್ಣ ಸಹಿ ಹಾಕಲಿಲ್ಲ.

ಮನೆಯಲ್ಲಿ ಅಪ್ಪ ಬೆನಕಪ್ಪ ಗೊಣಗಿದ. “ಅವ್ರು ಹೇಳಿದಂಗ ಬರದ್ರ ನಿನ್ನ ಗಂಟೇನು ಹೋಗತೈತಿ?”

ರೊಟ್ಟಿ ಬಡಿಯುತ್ತಿದ್ದ ಅವ್ವ ಕೊಟ್ರಬಸಮ್ಮ ತಿರುಗಿ ಕೇಳಿದಳು. “ಟೀ ಕಾಸಿದ್ದೂ ಕೆಲಸ ಅಂತ ಬರದೀಯೇನ?”

“ಹೂಂ ಬೇ. ತಾನ ಕುದಿತೈತೇನ ಅದು?”

ಕೊಟ್ರಬಸಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು. “ನಂದು ಬರದ್ರ ಡೈರಿನ ಸಾಲಂಗಿಲ್ಲ,” ಅಂದಳು. ಆಮೇಲೆ ರೊಟ್ಟಿಯನ್ನು ಹಂಚಿಗೆ ಹಾಕುತ್ತ, “ಅಳಸಬ್ಯಾಡ.”

ಸಹಿಯಿಲ್ಲದ ಹಾಳೆಗಳು ಹೆಚ್ಚುತ್ತ ಹೋದವು. ಅಪ್ರೆಂಟಿಸರ ಡೈರಿ ನೋಡಲು ಇಲಾಖೆಯ ಸಾಹೇಬರು ಬರುತ್ತಾರೆಂಬ ಸುದ್ದಿ ಬಂದಾಗ ಹೆದರಿದವನು ಹನುಮಣ್ಣ. ಏನೂ ಕಲಿಸಿಲ್ಲವೆಂಬ ಮಾತು ಬರುವುದು ಅವನಿಗೇ. ಇಟ್ಟಿಗಿ ಊರಿನಿಂದ ರಿಪೇರಿಗೆ ಬಂದಿದ್ದ ಸುಟ್ಟ ಮೋಟರೊಂದನ್ನು ತಂದು ಅವಳ ಮುಂದಿಟ್ಟ.

“ಸುತ್ತು. ಪ್ರವೀಣ, ನೀ ಟೀ ಇಡಲೇ.”

ವಾಣಿಶ್ರೀ ಕರಕಲಾದ ತಂತಿ ಕಿತ್ತು, ಮೇಸ್ತ್ರಿಯನ್ನು ಕೇಳಿ ಕೇಳಿ ಹೊಸದು ಸುತ್ತಿದಳು. ಸ್ವಿಚ್ ಒತ್ತಿದರೆ ಮೋಟರ್ ತಿರುಗದೆ ಗುರುಗುಟ್ಟಿತು.

“ಸಕ್ಕರಿ ಹಾಕೋದು ಮರ್ತೀಯೇನ?” ಅಂದ ಪ್ರವೀಣ, ಟೀ ಸೋಸುತ್ತ.

ಅವಳು ಮೋಟರನ್ನು ಮತ್ತೆ ಬಿಚ್ಚಿದಳು. ಒಂದು ಸುರುಳಿಯ ತುದಿಗಳನ್ನು ಅದಲುಬದಲು ಕೂಡಿಸಿದ್ದಳು. ಸರಿಮಾಡಿ ಮತ್ತೆ ಸ್ವಿಚ್ ಒತ್ತಿದಳು. ಮೋಟರ್ ಒಂದೇ ನಾದದಲ್ಲಿ ತಿರುಗಿತು. ಅದರ ಮೈಮೇಲೆ ಅಂಗೈಯಿಟ್ಟಳು, ತೆಗೆಯಲು ಮನಸ್ಸಾಗಲಿಲ್ಲ.

ಶನಿವಾರ ಹನುಮಣ್ಣ ಓದಿದ: ‘ಮೋಟರ್ ಸುತ್ತಿದೆ. ಒಂದು ಸುರುಳಿ ತಪ್ಪಾಗಿ ಕೂಡಿಸಿದೆ, ತಿರುಗಲಿಲ್ಲ. ಬಿಚ್ಚಿ ಸರಿಮಾಡಿದೆ.’

“ತಪ್ಪೂ ಬರದೀಯಲ್ಲವ್ವಾ.”

“ಕಲತದ್ದು ಅದರಾಗ ಐತ್ರಿ.”

ಅವನು ಸಹಿ ಹಾಕಿದ. ಪೆನ್ನು ಮುಚ್ಚಲಿಲ್ಲ. ಹಾಳೆಗಳನ್ನು ಹಿಂದಕ್ಕೆ ತಿರುವಿ, ಟೀ ಕಾಸಿದ ವಾರಗಳಿಗೂ ಒಂದೊಂದಾಗಿ ಸಹಿ ಹಾಕಿದ.

ಪ್ರವೀಣ ತನ್ನ ಡೈರಿ ಹಿಡಿದು ಅವಳ ಹತ್ತಿರ ಬಂದ. “ನಾನೂ ಟೀ ಬರೀಬೇಕೇನ?”

“ಲೋಟ ತೊಳದಿದ್ರ ಅದನ್ನೂ ಬರಿ,” ಅಂದಳು ವಾಣಿಶ್ರೀ.

ಅವನು ಲೋಟ ತೊಳೆಯಲು ಹೋದ.