ಸಣ್ಣ ಹಕ್ಕಿಗಳೇ ಮೊದಲು ಹೋದವು

ಈ ವರ್ಷ ಸೂರಕ್ಕಿ ಬರಲೇ ಇಲ್ಲ ಎಂದು ಅತ್ತೆ ಹೇಳಿದ ಗಳಿಗೆಯಿಂದ ನನ್ನ ಎದೆಯಲ್ಲಿ ಮುಳ್ಳೊಂದು ಆಡತೊಡಗಿತು. ಅವರು ಹಾಗೆನ್ನುವಾಗ ಆ ಹಕ್ಕಿ ಅವರ ಬೆನ್ನ ಹಿಂದಿನ ದಾಸವಾಳದಲ್ಲೇ ಕೂತು ಚ್ವೀ ಚ್ವೀ ಎಂದು ಒಂದೇ ಸಮನೆ ಕಿರುಚುತ್ತಿತ್ತು. ಹೆಬ್ಬೆರಳಿನಷ್ಟು ಹಕ್ಕಿ, ಆದರೂ ಅದರ ದನಿ ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತ್ತು.

ಸೋಮವಾರದಿಂದ ನಾನು ಕೆಲಸಕ್ಕೆ ಮರಳಬೇಕಿತ್ತು. ಆಮೇಲೆ ಹಗಲಿಡೀ ಮಗು ಅತ್ತೆಯ ಕೈಯಲ್ಲಿ. ಅವರ ಕಿವಿ ಮಂದವಾಗಿದೆಯೇನೋ ಎಂದು ಗಂಡನ ಬಳಿ ಹೇಳಿದೆ.

"ಚಿಂತೆ ಮಾಡೋಕೆ ಏನೂ ಸಿಗ್ಲಿಲ್ಲ ಅಂದ್ರೆ ಅದಕ್ಕೂ ಚಿಂತೆ ಮಾಡೋಳು ನೀನು," ಎಂದು ನಕ್ಕರು. "ಅಮ್ಮನ ಕಿವೀನಾ? ಇರುವೆ ಕೆಮ್ಮಿದ್ರೂ ಕೇಳುತ್ತೆ ಅವಳಿಗೆ."

ಅವರದೂ ತಪ್ಪಲ್ಲ. ಬಿಕ್ಕಳಿಕೆ ಬಂತೆಂದು ಮಗುವನ್ನು ಎತ್ತಿಕೊಂಡು ಡಾಕ್ಟರ ಬಳಿ ಓಡಿದವಳು ನಾನು. ಅತ್ತೆಯೋ, ಕಿವಿಯಿಂದಲೇ ಕಾವಲು ಕಾದವರು.

ಅವರು ಬೆಳೆದದ್ದು ಹೊಲದ ನಡುವಿನ ಮನೆಯಲ್ಲಿ. ಅಣ್ಣಂದಿರು ನೇಗಿಲ ಹಿಂದೆ. ಅವರ ಹಿಂದೆ ಹುಳ ಹೆಕ್ಕುವ ಬೆಳ್ಳಕ್ಕಿಗಳ ಸಾಲು. ಎಲ್ಲರಿಗಿಂತ ಚಿಕ್ಕವರಾದ ಇವರ ಪಾಲಿಗೆ ಕೋಳಿಮರಿಗಳ ಕಾವಲು. "ಆಕಾಶ ನೋಡ್ತಾ ಕೂತ್ರೆ ಕಣ್ಣು ಕತ್ತಲೆ ಬರುತ್ತೆ. ಕೋಳಿ ಏನನ್ನುತ್ತೆ ಕೇಳು," ಎಂದಿದ್ದರಂತೆ ಅಪ್ಪ. ಬೆಕ್ಕೋ ಮುಂಗುಸಿಯೋ ಬಂದರೆ ತಾಯಿಕೋಳಿ ಕೊಕ್ಕೊಕ್ಕೋ ಎಂದು ಮನೆಮಂದಿಯನ್ನೆಲ್ಲ ಎಬ್ಬಿಸುತ್ತಿತ್ತು. ಮೇಲೆ ಹದ್ದು ಸುಳಿದರೆ ಮಾತ್ರ ಸಣ್ಣಗೆ ಎಳೆದು, ಗುಟ್ಟು ಹೇಳಿದ ಹಾಗೆ. ಅದು ಕಿವಿಗೆ ಬಿದ್ದದ್ದೇ ಈ ಹುಡುಗಿ ಬುಟ್ಟಿ ಕವುಚಿ ಹಾಕುತ್ತಿದ್ದಳು. ಒಂದು ಮರಿಯನ್ನೂ ಹದ್ದಿಗೆ ಬಿಟ್ಟವಳಲ್ಲ ಎಂಬ ಜಂಬ ಅವರಿಗೆ ಈಗಲೂ ಇದೆ.

ಮದುವೆಯಾಗಿ ಪೇಟೆಗೆ ಬಂದರು. ಮಾವ ಬೇಗ ತೀರಿಕೊಂಡ ಮೇಲೆ ನೇಯ್ಗೆ ಕಾರ್ಖಾನೆ ಸೇರಿ, ಮಗನಿಗೆ ಕೆಲಸ ಸಿಗುವವರೆಗೂ ಮಗ್ಗದ ಮುಂದೆ ನಿಂತರು. ಈಗ ಸಂಜೆಯಾದರೆ ಹಿತ್ತಲಲ್ಲಿ ಮುಚ್ಚಳವೊಂದಕ್ಕೆ ನೀರು ಹೊಯ್ದು, ಹಿಡಿ ಕಾಳು ಚೆಲ್ಲಿ, ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ.

"ನೋಡೋ, ಗೊರವಂಕದ ಹೆಂಡ್ತಿ ಬಂದ್ಲು. ಗಂಡ ಎಲ್ಲೋ? ಓ, ಹಿಂದೇನೇ ಇದಾನೆ, ನಿಮ್ಮಪ್ಪನ ಥರ."

ಶನಿವಾರ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಮಗು ಎದ್ದು ಅಳತೊಡಗಿತು. ಅಳು ನಿಲ್ಲಲಿಲ್ಲ. ಮೈ ಸರಿಯಾಗಿ ಒರೆಸಿಕೊಳ್ಳದೆ ಓಡಿ ಬಂದು ಎತ್ತಿಕೊಂಡೆ. ತೆರೆದ ಬಾಗಿಲಿನಾಚೆ ಅತ್ತೆ ನನಗೆ ಬೆನ್ನು ಹಾಕಿ ಬಟಾಣಿ ಸುಲಿಯುತ್ತಿದ್ದರು.

"ಅತ್ತೆ."

ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಬೀಳುತ್ತಲೇ ಇತ್ತು.

"ಅತ್ತೆ, ಮಗು ಅಳ್ತಿತ್ತು."

ಎದುರಿಗೆ ಹೋಗಿ ನಿಂತೆ. ಮಗುವಿನ ಕೆಂಪಾದ ಮುಖ ನೋಡಿ ಅವರ ಕೈ ನಿಂತಿತು.

"ತುಂಬಾ ಹೊತ್ತಿಂದ ಅಳ್ತಿದ್ನಾ?"

"ಕೇಳಿಸ್ಲಿಲ್ವಾ?"

ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. ಯಾವಾಗಲೂ ಹಾಗೇ ನೋಡುತ್ತಿದ್ದರು. ಅದನ್ನು ನಾನು ಅಕ್ಕರೆ ಎಂದುಕೊಂಡಿದ್ದೆ.

"ಮಗ್ಗದ ಸದ್ದಲ್ಲಿ ಕೂಗಿದ್ರೂ ಕೇಳ್ತಿರ್ಲಿಲ್ಲ ಕಣಮ್ಮ. ತುಟಿ ನೋಡೇ ಮಾತು. ಮೇಸ್ತ್ರೀನ ಬೈತಿದ್ದಿದ್ದೂ ಹಾಗೇ, ಅವನ ಎದುರಿಗೇ. ಈಗ್ಲೂ ಅದರಲ್ಲೇ ಕಾಲ ತಳ್ತಿದೀನಿ. ಸಣ್ಣ ಹಕ್ಕಿಗಳೇ ಮೊದಲು ಹೋದ್ವು. ಕಾಗೆ ಇನ್ನೂ ಇದೆ."

"ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

"ಹೇಳಿದ್ರೆ ಇವನನ್ನ ಬೇರೆಯವರ ಹತ್ರ ಬಿಡ್ತೀರಿ." ಮಗುವಿನ ಕೆನ್ನೆಯ ಕಣ್ಣೀರು ಒರೆಸಿ, "ಬಿಡೋದೇ ಸರಿ ಬಿಡು. ಇವತ್ತು ನೀನಿದ್ದೆ," ಎಂದರು.

ಶಿಶುವಿಹಾರದ ನಂಬರು ನನ್ನ ಫೋನಿನಲ್ಲಿತ್ತು. ಸೂರಕ್ಕಿಯ ಮಾತು ಬಂದ ದಿನವೇ ಗುಟ್ಟಾಗಿ ಸೇರಿಸಿಟ್ಟಿದ್ದೆ. ಒತ್ತುವುದು, ಕರೆ ಹೋಗುವ ಮೊದಲೇ ಕತ್ತರಿಸುವುದು ನಡೆದೇ ಇತ್ತು. ಈಗ ಅದನ್ನು ದಾಟಿ ಕಚೇರಿಯ ಮೇಲಧಿಕಾರಿಯ ನಂಬರು ಒತ್ತಿದೆ. ಅತ್ತೆಗೆ ನನ್ನ ಬಾಯಿ ಕಾಣುವಂತೆ ಬೆಳಕಿಗೆ ತಿರುಗಿ ಕೂತೆ.

"ಸೋಮವಾರ ಬರೋಕಾಗಲ್ಲ ಮೇಡಂ. ಇನ್ನೂ ಸ್ವಲ್ಪ ದಿನ ರಜೆ ಬೇಕು."

"ಮಗೂಗೆ ಮತ್ತೆ ಏನಾಯ್ತಮ್ಮ?" ಅವರಿಗೂ ನನ್ನ ಗುಣ ಗೊತ್ತು.

"ಮಗು ಚೆನ್ನಾಗಿದೆ. ಅತ್ತೇನ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು," ಎಂದೆ, ನಿಧಾನವಾಗಿ. "ನಮ್ಮ ಮಗೂನ ನೋಡ್ಕೊಳ್ಳೋದು ಅವರೇ."