ಗೋಡೆಗೆ ಮೊಳೆ ಬಡಿಯುವ ಮೊದಲು

ನಡುಗೋಡೆಗೆ ಬಿದ್ದ ಸುತ್ತಿಗೆಯ ಮೂರನೇ ಪೆಟ್ಟಿಗೆ ಹಳೆಯ ಮಣ್ಣಿನ ವಾಸನೆ ಬಂತು, ನಾಲ್ಕನೆಯದಕ್ಕೆ ಆಚೆ ಮನೆಯಿಂದ ಗಾಜು ಒಡೆದ ಸದ್ದು. ಗವಂಡಿ ಐದನೆಯದಕ್ಕೆ ಕೈಯೆತ್ತುವಷ್ಟರಲ್ಲಿ ಬಾಜೂಮನೆಯ ಶಾಂತಾ ಕಾಕು ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಕೈಯಲ್ಲಿ ಅವರ ಮಾವನ ಗಾಜೊಡೆದ ಫೋಟೋ.

"ಬಡಿಯಾಕಿಂತ ಮೊದಲ ಒಂದ ಮಾತ ಒದರಬಾರದೇನೋ ತಮ್ಮಾ? ಇಷ್ಟ ಓದಿ ಏನ ಕಲ್ತಿ?"

ಹುಕ್ಕೇರಿಯಲ್ಲಿ ಮಕ್ಕಳಿಗೆ ಶಿಸ್ತು ಹೇಳಿಕೊಡುವ ಮಾಸ್ತರ ನಾನು. ಗವಂಡಿಗೆ ಸುತ್ತಿಗೆ ಕೆಳಗಿಡಲು ಸನ್ನೆ ಮಾಡಿದೆ.

ಗೋಕಾಕದ ನಮ್ಮ ಓಣಿಯನ್ನು ನೀವು ನೋಡಬೇಕು. ಆರು ಮನೆ, ಏಳೇ ಗೋಡೆ. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ವರು ಕೂತಂತೆ ಭುಜಕ್ಕೆ ಭುಜ ಹಚ್ಚಿ ನಿಂತಿವೆ. ನಮ್ಮ ಮುತ್ತಜ್ಜನೂ ಕಾಕುವಿನ ಮನೆಯ ಹಿರಿಯರೂ ಹೊಳೆದಂಡೆಯ ಮಣ್ಣು ತಂದು, ಒಂದೂವರೆ ಮೊಳ ದಪ್ಪದ ಈ ನಡುವಿನ ಗೋಡೆಯನ್ನು ಕೂಡಿಯೇ ಕಟ್ಟಿದರಂತೆ. ಮಾಳಿಗೆ ಹೊತ್ತ ಮರದ ಜಂತಿಗಳು ಎರಡೂ ಕಡೆಯಿಂದ ಬಂದು ಇದರ ಮೇಲೆಯೇ ಕೂತಿವೆ. ತಮಾಷೆಯೆಂದರೆ, ನಮ್ಮ ಮನೆಯ ಕಾಗದದಲ್ಲೂ ‘ಗೋಡೆ ಸಹಿತ’ ಎಂದಿದೆ, ಅವರದರಲ್ಲೂ ‘ಗೋಡೆ ಸಹಿತ’ ಎಂದಿದೆ. ಅದಕ್ಕಾಗಿ ಯಾರೂ ಜಗಳ ತೆಗೆದವರಲ್ಲ.

ಮೊಳೆ ಹೊಡೆಯುವುದಕ್ಕೆ ಮಾತ್ರ ಕಾಯ್ದೆಯಿತ್ತು. ನಮ್ಮಜ್ಜಿ ಗೋಡೆಗೆ ಬಾಯಿ ಹಚ್ಚಿ, "ಬಡೀತೇವ್ರೀ!" ಎಂದು ಒದರುತ್ತಿದ್ದಳು. ಆಚೆಯವರು ಗೋಡೆಯ ಹಲಗೆಯಿಂದ ತಾಟು, ವಾಟಗ ಎಲ್ಲ ಇಳಿಸಿ, "ಬಡೀರೀ!" ಎಂದ ಮೇಲೆಯೇ ಪೆಟ್ಟು. ಒಂದು ಕ್ಯಾಲೆಂಡರು ತೂಗುಹಾಕಲು ಎರಡು ಮನೆಯವರು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಒಮ್ಮೆ ಅಜ್ಜಿ ಕಾಕುವಿನ ಅತ್ತೆಯ ಸಂಗಡ ವರ್ಷಗಟ್ಟಲೆ ಮಾತು ಬಿಟ್ಟಿದ್ದಳು. ಮೊಳೆ ಹೊಡೆಯುವಾಗ ಮಾತ್ರ ಒದರುತ್ತಿದ್ದಳು. ನಾವು ನಕ್ಕರೆ, "ಮಾತ ಬಿಟ್ಟೇನಿ, ಗ್ವಾಡಿ ಬಿಟ್ಟಿಲ್ಲ," ಎಂದು ಗದರಿದಳು.

ಈಗ ಹಳೆಯದನ್ನು ಕೆಡವಿ ಕಟ್ಟಲು ಹೊರಟ ನನ್ನ ಹೊಸ ಮನೆಯ ನಕ್ಷೆಯಲ್ಲಿ ಆ ಗೋಡೆಯೇ ಇರಲಿಲ್ಲ. ಅದನ್ನು ಕೆಡವಿ ಕಂಬ ನಿಲ್ಲಿಸಿದರೆ ಕೆಳಗೆ ಕಾರು ಹಿಡಿಸುತ್ತದೆ ಎಂದಿದ್ದ ಮೂಡಲಗಿಯ ಇಂಜಿನಿಯರ್. ಕಾಕುವಿನ ಜಂತಿಗಳು ಎಲ್ಲಿ ನಿಲ್ಲುತ್ತವೆ ಎಂದು ಅವನು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲವಲ್ಲ, ನಾಚಿಕೆಯಾಯಿತು ನನಗೆ.

"ಮನಿ ಕಟ್ಟು, ಬ್ಯಾಡ ಅನ್ನಂಗಿಲ್ಲ," ಎಂದರು ಕಾಕು. "ಆದ್ರ ನನ್ನ ಸೊಸಿ ಆ ಜಂತಿ ಕೆಳಗನ ಮಶೀನ್ ಇಟಗೊಂಡ ಬಟ್ಟಿ ಹೊಲೀತಾಳ. ಆಕಿ ತಲಿ ಮ್ಯಾಲ ಮಾಳಗಿ ಬೀಳಾಕ ನಾ ಬಿಡಂಗಿಲ್ಲ." ದನಿ ಏರಲಿಲ್ಲ. ಕಾಲೂ ಹೊಸ್ತಿಲಿನಿಂದ ಕದಲಲಿಲ್ಲ.

ಅಲ್ಲಿಂದಲೇ ಇಂಜಿನಿಯರನಿಗೆ ಫೋನು ಮಾಡಿದೆ. "ಗ್ವಾಡಿ ಇರತೈತ್ರಿ. ನಕ್ಷಾ ಬದಲ ಮಾಡ್ರಿ."

"ಕಾರ ಹಿಡಿಸಂಗಿಲ್ರಿ ಸರ್."

"ಹೊರಗ ನಿಂದರ್ತೈತಿ ಬಿಡ್ರಿ."

ದೊಡ್ಡ ತ್ಯಾಗಿಯ ಠೀವಿಯಲ್ಲಿ ಕಾಕುವಿನ ಮುಖ ನೋಡಿದೆ.

"ನಿಂದರಸು," ಎಂದರು ಅವರು, "ನನ್ನ ಬಾಗಲಾ ಬಿಟ್ಟು."