ಮಾತಿಲ್ಲದ ಹನ್ನೊಂದು ಕಂತು

ಕಳೆದ ವರ್ಷ ಗಣೇಶ ವಿಸರ್ಜನೆಯ ಮರುದಿನ ಬೆಳಿಗ್ಗೆ ಏಳೂಕಾಲಿಗೆ, ಬಿಬವೇವಾಡಿಯ ನಮ್ಮ ಮನೆಯ ಬಚ್ಚಲಲ್ಲಿ, ನನ್ನ ಗಂಡನ ಬಲಗೈಯಿಂದ ಹಲ್ಲುಜ್ಜುವ ಬ್ರಶ್ ಕೆಳಗೆ ಬಿತ್ತು. ಅವರು ಅದನ್ನೇ ನೋಡುತ್ತ ನಿಂತರು. ಏನಾಯಿತೆಂದು ಕೇಳಿದೆ. ಬಾಯಿ ತೆರೆದರು, ಮಾತು ಬರಲಿಲ್ಲ. ಮಿದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹತ್ತೊಂಬತ್ತು ದಿನಗಳ ನಂತರ ಆಸ್ಪತ್ರೆಯಿಂದ ಮನೆಗೆ ಬಂದರು. ದೀಪಾವಳಿಯ ಹೊತ್ತಿಗೆ ಕಾಲು ಸರಿಹೋಯಿತು, ಕೈ ಮುಕ್ಕಾಲು ಪಾಲು ಸರಿಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಆಡಲು ಉಳಿದಿದ್ದ ಮಾತು ಎರಡೇ: ‘ಹೂಂ’ ಮತ್ತು ‘ಅದು’.

ಮಾತಿನ ಚಿಕಿತ್ಸೆ ಕೊಡುವ ಹೆಂಗಸು ಮರಾಠಿಯವರು. ಮೊದಲ ಆರು ತಿಂಗಳಲ್ಲಿ ಬಂದಷ್ಟು ಸುಲಭವಾಗಿ ಮಾತು ಆಮೇಲೆ ಬರುವುದಿಲ್ಲ ಎಂದು ಮೊದಲ ದಿನವೇ ಹೇಳಿದರು. ಅವರಲ್ಲಿದ್ದ ಚಿತ್ರದ ಕಾರ್ಡುಗಳು ಮರಾಠಿ, ಹಿಂದಿಯವು. ನನ್ನ ಗಂಡ ಮೈಸೂರಿನವರು. ಇದೇ ಊರಿನ ಮಗರಪಟ್ಟಾದ ಕಚೇರಿಗೆ ಹದಿನಾರು ವರ್ಷ ಓಡಾಡಿದರೂ ಅವರ ಮರಾಠಿ ತರಕಾರಿ ಮತ್ತು ರಿಕ್ಷಾವನ್ನು ದಾಟಿರಲಿಲ್ಲ. “ಕನ್ನಡದ ಪಾಠ ನೀವೇ ಮನೆಯಲ್ಲಿ ಮಾಡಬೇಕು” ಎಂದು ಆಕೆ ಹಿಂದಿಯಲ್ಲಿ ನನಗೆ ಹೇಳಿದರು. “ಅವರಿಗೆ ಚೆನ್ನಾಗಿ ಗೊತ್ತಿರುವ ಕಥೆ ಇರಲಿ, ಚಿತ್ರಗಳಿರಲಿ. ಅವರೇ ಆರಿಸಲಿ.”

ಮದುವೆಯ ಆಲ್ಬಮ್, ಊರಿನಿಂದ ತಂದ ಮಕ್ಕಳ ಚಿತ್ರಪುಸ್ತಕ, ಹಳೆಯ ಪ್ರವಾಸದ ಫೋಟೋಗಳು, ಎಲ್ಲವನ್ನೂ ಹಾಸಿಗೆಯ ಮೇಲೆ ಹರಡಿದೆ. ಅವರು ಅವನ್ನು ಪಕ್ಕಕ್ಕೆ ಸರಿಸಿ ಟ್ಯಾಬ್ ಎತ್ತಿಕೊಂಡರು. ಎಡಗೈ ಬೆರಳಿನಿಂದ ತುಂಬ ಹೊತ್ತು ಹುಡುಕಿ ಒಂದು ವೆಬ್‌ಕಾಮಿಕ್ ತೆರೆದು ನನ್ನ ಮುಂದೆ ಹಿಡಿದರು.

ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ವಾರವಾರ ಓದಿದ್ದ ಮಾಯಾಲೋಕದ ಕಥೆ ಅದು. ಯಾವ ದೇಶದವನೋ ಒಬ್ಬ ಇಂಗ್ಲಿಷಿನಲ್ಲಿ ಬರೆದು, ತಾನೇ ಚಿತ್ರ ಬಿಡಿಸಿ ಹಾಕುತ್ತಿದ್ದ. ನಾಯಕಿ ಮಾತಿನಿಂದಲೇ ಮಂತ್ರ ಹಾಕುವವಳು. ಅವಳು ಮಾತಾಡಿದಂತೆ ಗೋಡೆ ಏಳುತ್ತದೆ, ಕೆರೆ ತುಂಬುತ್ತದೆ. ಕಥೆ ಬಿಗಿಯಾಗಿರಲಿಲ್ಲ. ಮೊದಲ ಐವತ್ತು ಕಂತುಗಳಲ್ಲಿ ಕೈಗಳ ಚಿತ್ರ ಬಿಡಿಸಲು ಬಾರದೆ ಎಲ್ಲರ ಕೈಯನ್ನೂ ಬೆನ್ನ ಹಿಂದೆ ಕಟ್ಟಿಸಿದ್ದ. ಸೇನಾಪತಿಯ ಗಾಯದ ಗುರುತು ಎಡಗೆನ್ನೆಯಿಂದ ಬಲಗೆನ್ನೆಗೆ ಹೋಗುತ್ತಿತ್ತು. ನೀರು ತರಲು ಹೋದ ಅಡುಗೆಯವಳು ವಾಪಸು ಬರಲೇ ಇಲ್ಲ. ನಾನು ಪತ್ರಿಕೆಯ ಡೆಸ್ಕಿನಲ್ಲಿ ವರದಿ ತಿದ್ದುವ ಕೆಲಸ ಮಾಡುವವಳು. ಇಂಥದ್ದು ಕಂಡರೆ ಸುಮ್ಮನಿರಲಾಗುತ್ತಿರಲಿಲ್ಲ.

“ಅದೇ ರಾಜ ಎರಡು ಸರ್ತಿ ಸಾಯ್ತಾನಲ್ರಿ. ಯಾರೂ ನೋಡಂಗಿಲ್ಲೇನು?” ಎಂದರೆ ಅವರು ನಗುತ್ತಿದ್ದರು.

“ಪಾಪ, ಫ್ರೀಯಾಗಿ ಬರೀತಿದಾನೆ ಕಣೇ. ನಿನ್ ಪೇಪರ್‌ಗೆ ಜನ ದುಡ್ಡು ಬೇರೆ ಕೊಡ್ತಾರೆ, ಅದ್ರಲ್ಲಿ ಕಮ್ಮಿ ಸಾಯ್ತಾರಾ? ಎಂಡಿಂಗ್ ಬರ್ಲಿ, ಆಮೇಲೆ ಮಾತಾಡು.”

ಎಂಡಿಂಗ್ ಬಂದಾಗ ನಾನು ಮಾತಾಡಲಿಲ್ಲ. ಮುತ್ತಿಗೆ ಬಿದ್ದ ಊರಿನ ಬಾಗಿಲು ತೆರೆಯಲು ನಾಯಕಿ ತನ್ನ ದನಿಯನ್ನೇ ಬಾಗಿಲು ಕಾಯುವವನಿಗೆ ಕೊಟ್ಟುಬಿಡುತ್ತಾಳೆ. ಅಲ್ಲಿಂದ ಮುಂದಿನ ಹನ್ನೊಂದು ಕಂತುಗಳಲ್ಲಿ ಒಂದೂ ಮಾತಿಲ್ಲ. ಅವಳು ತಾನು ಉಳಿಸಿದ ಊರಿನಲ್ಲಿ ನಡೆಯುತ್ತಾಳೆ, ಯಾರಿಗೂ ಅವಳ ಗುರುತಿಲ್ಲ. ಕೊನೆಯ ಚಿತ್ರದಲ್ಲಿ ಕಟ್ಟೆಯ ಮೇಲೆ ಕುಳಿತ ಒಬ್ಬ ಮುದುಕಿ ಸ್ವಲ್ಪ ಜರುಗಿ ಅವಳಿಗೆ ಜಾಗ ಮಾಡಿಕೊಡುತ್ತಾಳೆ. ಅಷ್ಟೆ. ಆ ಹನ್ನೊಂದನ್ನು ಅಂದು ಒಂದೇ ಸಂಜೆ ಮೂರು ಬಾರಿ ನೋಡಿದ್ದೆವು.

ಹಾಗಾಗಿ ಅವರು ಇದನ್ನೇ ಆರಿಸಿದಾಗ ನನಗೆ ಹೆದರಿಕೆಯಾಯಿತು. ಕಥೆ ಗೊತ್ತಿದ್ದರಿಂದ ಆರಿಸಿದರೋ, ಆ ಕೊನೆಗಾಗಿಯೇ ಆರಿಸಿದರೋ? ಕೇಳುವಂತಿರಲಿಲ್ಲ. ಕೇಳಿದರೆ ‘ಹೂಂ’ ಎನ್ನುತ್ತಿದ್ದರು. ಎರಡಕ್ಕೂ ಹಾಗೇ ಎನ್ನುತ್ತಿದ್ದರು.

ನನ್ನ ಪಾಳಿ ಸಂಜೆ ನಾಲ್ಕಕ್ಕೆ. ದಿನವೂ ಊಟವಾದ ಮೇಲೆ ಎರಡು ಗಂಟೆಗೆ ಕೂರುತ್ತಿದ್ದೆವು. ಚಿತ್ರ ತೋರಿಸಿ ಕೇಳುತ್ತಿದ್ದೆ, “ಇದು ಯಾರು? ಏನು ಮಾಡಾಕತ್ತಾಳ?” ಅವರು “ಅದು… ಅದು…” ಎನ್ನುತ್ತಿದ್ದರು. ಕತ್ತಿನ ನರ ಉಬ್ಬುತ್ತಿತ್ತು. ನಾನು “ಕುದುರೆ” ಎನ್ನುತ್ತಿದ್ದೆ. ಅವರು “ಹೂಂ” ಎನ್ನುತ್ತಿದ್ದರು. ಮುಂದಿನ ಚಿತ್ರ. ನೂರು ಕಂತು ಮುಗಿದವು. ಹೊಸ ಮಾತು ಒಂದೂ ಬರಲಿಲ್ಲ. ಸಂಕ್ರಾಂತಿಯ ವಾರದಲ್ಲಿ ಅವರು ಟ್ಯಾಬ್ ಕಂಡರೆ ಗೋಡೆಯ ಕಡೆ ಹೊರಳತೊಡಗಿದರು. ನಾನು ಭುಜ ಹಿಡಿದು ಈ ಕಡೆ ತಿರುಗಿಸುತ್ತಿದ್ದೆ. ಒಂದು ದಿನ ನನ್ನ ಕೈಯನ್ನು ಜೋರಾಗಿ ತಳ್ಳಿದರು. ಅಂದು ಡೆಸ್ಕಿನಲ್ಲಿ ಎರಡು ಸುದ್ದಿಗಳ ತಲೆಬರಹಗಳನ್ನು ಅದಲುಬದಲು ಮಾಡಿದೆ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಎದುರು ಮನೆಯಲ್ಲಿ ಕಿರಾಣಿ ವ್ಯಾಪಾರ ಮಾಡುವ, ನನ್ನ ತವರಿನ ಕಡೆಯ ವಿಜಯಪುರದ ಕುಟುಂಬವಿದೆ. ಆ ಮನೆಯ ಹಿರಿಯಾಕೆಯನ್ನು ನಾವು ಕಾಕು ಎನ್ನುತ್ತೇವೆ. ಒಂದು ಮಧ್ಯಾಹ್ನ ಶೇಂಗಾ ಹೋಳಿಗೆಯ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು.

“ಏನವಾ, ರೇಡಿಯೋ ಹಚ್ಚೀಯೇನು? ಆವಾಗಿಂದ ನಿಂತೀನಿ, ಬರೇ ನಿನ್ನ ದನಿನೇ ಬರ್ಲಿಕತ್ತದ.” ನಂತರ ನನ್ನ ಗಂಡನ ಕಡೆ ತಿರುಗಿದರು. “ಏನ್ರಿ ಮೈಸೂರು ಅಳಿಯಾ, ಹೋಳಿಗಿಗೆ ತುಪ್ಪ ಹಾಕ್ಲಿನೋ, ಹಾಲು ಹಾಕ್ಲಿನೋ?”

ಅವರ ತುಟಿ ಅಲುಗಿತು. “ತುಪ್ಪ ಹಾಕ್ರಿ ಕಾಕು” ಎಂದೆ ನಾನು.

“ನಿನಗಲ್ಲ ತಂಗಿ ಕೇಳಿದ್ದು. ನೀ ಏನು ಅವರ ವಕೀಲಳೇನು?” ಎಂದರು ಕಾಕು. ತಟ್ಟೆ ಇಟ್ಟು, ತುಪ್ಪ ಹಾಕದೆ ಹೋದರು.

ಅದೇ ವಾರ ಚಿಕಿತ್ಸಕಿ, ಮನೆಯ ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತರಲು ಹೇಳಿದರು. ಸಂದರ್ಶನದ ಧ್ವನಿಯನ್ನು ಬರೆದಿಳಿಸುವ ಹಾಗೆ ನಾನು ಅದನ್ನು ಬರೆದಿಳಿಸಿದೆ. ಹದಿನೆಂಟು ನಿಮಿಷದ ಪಾಠ ಮೂರೂವರೆ ಪುಟವಾಯಿತು. ಅವರ ಪಾಲಿನ ಸಾಲುಗಳು ಆರು. ಆರನೆಯದನ್ನು ನಾನು ಮಧ್ಯದಲ್ಲೇ ಕತ್ತರಿಸಿದ್ದೆ. ಪ್ರಶ್ನೆಗೂ ನನ್ನ ಉತ್ತರಕ್ಕೂ ನಡುವಿನ ಅಂತರವನ್ನು ಗಡಿಯಾರ ಹಿಡಿದು ನೋಡಿದೆ. ಎಲ್ಲಿಯೂ ನಾಲ್ಕು ಸೆಕೆಂಡು ದಾಟಿರಲಿಲ್ಲ. ವರದಿಗಾರರು ಅರ್ಧಕ್ಕೆ ಬಿಟ್ಟ ವಾಕ್ಯವನ್ನು ಪುಟ ಅಚ್ಚಿಗೆ ಹೋಗುವುದರೊಳಗೆ ಮುಗಿಸುವುದು ನನ್ನ ಕೆಲಸ. ಮನೆಯಲ್ಲಿಯೂ ನಾನು ಅದನ್ನೇ ಮಾಡಿದ್ದೆ, ನಾಲ್ಕು ತಿಂಗಳು.

ಚಿಕಿತ್ಸಕಿ ಹಾಳೆಗಳನ್ನು ನೋಡಿ, “ಇನ್ನು ನೀವು ಪ್ರಶ್ನೆಯನ್ನೂ ಕೇಳಬೇಡಿ. ಸುಮ್ಮನೆ ಪಕ್ಕದಲ್ಲಿ ಕೂತಿರಿ” ಎಂದರು. ಆರು ತಿಂಗಳಲ್ಲಿ ಉಳಿದಿದ್ದ ಸಮಯದ ಬಗ್ಗೆ ಕೇಳಿದೆ. ಆಕೆ ಹಾಳೆಗಳನ್ನು ಮಡಚಿ ನನ್ನ ಕೈಗೆ ಕೊಟ್ಟರು.

ಸುಮ್ಮನೆ ಕೂತೆ. ಕೆಲವು ದಿನ ಒಂದು ಗಂಟೆಯಲ್ಲಿ ಒಂದೇ ಕಂತು ಸಾಗುತ್ತಿತ್ತು, ಕೆಲವು ದಿನ ಅದೂ ಇಲ್ಲ. ಅವರು ಗೋಡೆಗೆ ಹೊರಳುವುದು ನಿಂತಿತು. ಮಾತು ಬರಲಿಲ್ಲ. ಸೀರೆಯ ನೆರಿಗೆಯೊಳಗೆ ಬೆರಳು ಹೆಣೆದು ಹಿಡಿದಿರುತ್ತಿದ್ದೆ. ಒಮ್ಮೆ ಎದ್ದು ಅಡುಗೆಮನೆಗೆ ಹೋಗಿ, ಅವರು ನೋಡುತ್ತಿದ್ದ ಚಿತ್ರದ ‘ದೋಣಿ’ ಎಂಬ ಪದವನ್ನು ಸಿಂಕಿನ ನಲ್ಲಿ ಬಿಟ್ಟುಕೊಂಡು ಹೇಳಿ ಬಂದೆ. ಹೋಳಿ ಬಂತು, ಹೋಯಿತು. ಆರು ತಿಂಗಳು ತುಂಬಿದವು.

ತುಂಬಿದ ಮೇಲಿನ ಶನಿವಾರ, ನಾಯಕಿ ಊರ ಬಾಗಿಲ ಮುಂದೆ ನಿಲ್ಲುವ ಕಂತು ಬಂತು. ಬಾಗಿಲು ಕಾಯುವವನು ಅವಳ ಗಂಟಲ ಹತ್ತಿರ ಅಂಗೈ ಒಡ್ಡಿದ್ದಾನೆ. ಮುಂದಿನ ಚಿತ್ರದಲ್ಲಿ ಅವಳು ಬಾಯಿ ತೆರೆಯುತ್ತಾಳೆ. ಟ್ಯಾಬ್ ಕಸಿದು ಮುಚ್ಚಿಬಿಡೋಣ ಅನ್ನಿಸಿತು. ಮುಚ್ಚಲಿಲ್ಲ. ಅವರು ಆ ಅಂಗೈಯ ಮೇಲೆ ಬೆರಳಿಟ್ಟರು.

“ಅದು” ಎಂದರು. ಆಮೇಲೆ, “ಕೊ…”

ಫ್ಯಾನ್ ತಿರುಗುತ್ತಿತ್ತು. ಕಾಕು ಮನೆಯ ಕುಕ್ಕರ್ ಕೂಗಿತು.

“ಕೊ… ಕೊಡ…”

ಅವಳು ಕೊಡಲಿ ಎನ್ನುತ್ತಾರೋ, ಕೊಡಬಾರದು ಎನ್ನುತ್ತಾರೋ? ಎರಡು ಮಾತೂ ನನ್ನ ನಾಲಿಗೆಯ ಮೇಲಿದ್ದವು. ಯಾವುದನ್ನು ಹೇಳಿದರೂ ಅವರು ‘ಹೂಂ’ ಎಂದುಬಿಡುತ್ತಿದ್ದರು. ನಾನು ತುಟಿ ಕಚ್ಚಿ ಹಿಡಿದೆ. ಫೋನಿನ ರೆಕಾರ್ಡಿನ ಪ್ರಕಾರ ನಾಲ್ಕು ನಿಮಿಷ ಹತ್ತು ಸೆಕೆಂಡು ಯಾರ ದನಿಯೂ ಇಲ್ಲ.

“ಕೊಡ್ಬಾರ್ದು” ಎಂದರು. ಟ್ಯಾಬಿನ ಕವರ್ ಮುಚ್ಚಿದರು.

ಚಿಕಿತ್ಸಕಿಗೆ ಆ ತುಣುಕನ್ನು ಮಂಗಳವಾರ ಕೇಳಿಸಿದೆ. ಆಕೆ ಅದರ ಅರ್ಥ ಕೇಳಿದರು, ಹಿಂದಿಯಲ್ಲಿ ಹೇಳಿದೆ. ದಿನಾಂಕ ಹಾಕಿ ಫೈಲಿನಲ್ಲಿ ಬರೆದುಕೊಂಡರು. ಅಂದಿನ ಪರೀಕ್ಷೆಯಲ್ಲಿ ನನ್ನ ಗಂಡ ಯಾವ ಕಾರ್ಡಿಗೂ ಹೆಸರು ಹೇಳಲಿಲ್ಲ. ಆ ಮಾತನ್ನು ಮತ್ತೆ ಆಡಿಲ್ಲ. ಕೊನೆಯ ಹನ್ನೊಂದು ಕಂತುಗಳನ್ನು ನಾವಿನ್ನೂ ತೆರೆದಿಲ್ಲ. ಇಂದು ಮಧ್ಯಾಹ್ನ ಎರಡು ಗಂಟೆಗೆ ನಾನು ಕರೆಯುವ ಮೊದಲೇ ಅವರು ಟ್ಯಾಬ್ ತಂದು, ಬಾಗಿಲಿನ ಅದೇ ಕಂತನ್ನು ತೆರೆದು ಕುಳಿತರು. ಇಪ್ಪತ್ತೆರಡು ನಿಮಿಷದಲ್ಲಿ ‘ಅದು’ ಎಂದಿದ್ದು ಒಂಬತ್ತು ಬಾರಿ. ಒಂದನ್ನೂ ನಾನು ಕತ್ತರಿಸಲಿಲ್ಲ.